16 ವರ್ಷ, 2,632 ಪಂದ್ಯ, ಒಂದೂ ರಜೆಯಿಲ್ಲ: ಕ್ಯಾಲ್ ರಿಪ್ಕೆನ್ ಹಟ ತಂಡಕ್ಕೆ ಲಾಭವೋ, ನಷ್ಟವೋ?

ಸತತವಾಗಿ ಅತಿ ಹೆಚ್ಚು ಟೆಸ್ಟ್ ಪಂದ್ಯ ಆಡಿದ ದಾಖಲೆ ಇಂಗ್ಲೆಂಡ್‌ನ ಅಲಸ್ಟೇರ್ ಕುಕ್ ಹೆಸರಿನಲ್ಲಿದೆ. 159 ಪಂದ್ಯ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಇಂಥದ್ದೇ ದಾಖಲೆಯ ಸಂಖ್ಯೆ 2,632.

ಐದು ದಿನದ ಟೆಸ್ಟ್‌ಗೂ ಮೂರು ಗಂಟೆಯ ಆಟಕ್ಕೂ ಎಲ್ಲಿಯ ಹೋಲಿಕೆ ಎನ್ನಬಹುದು. ಆದರೆ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದು ತಂಡ ಸುಮಾರು ಆರು ತಿಂಗಳಲ್ಲಿ 162 ಪಂದ್ಯ ಆಡುತ್ತದೆ. ಹೆಚ್ಚೂಕಡಿಮೆ ದಿನಾ ಆಟ, ನಡುನಡುವೆ ಊರಿಂದೂರಿಗೆ ಪ್ರಯಾಣ. ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಕ್ಯಾಲ್ ರಿಪ್ಕೆನ್ ಜೂನಿಯರ್ 1982ರ ಮೇ 30ರಿಂದ 1998ರ ಸೆಪ್ಟೆಂಬರ್ 19ರವರೆಗೆ ಇಂಥ ಒಂದೇ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ.

ಅವರು ನಿಲ್ಲುತ್ತಿದ್ದ ಜಾಗವೂ ಸುಲಭದ್ದಲ್ಲ. ಎರಡನೇ ಮತ್ತು ಮೂರನೇ ಬೇಸ್ ನಡುವಿನ 'ಶಾರ್ಟ್‌ಸ್ಟಾಪ್'ಗೆ ಚೆಂಡು ಹೆಚ್ಚು ಬರುತ್ತದೆ, ಓಡಿ ಬರುವ ಆಟಗಾರ ಮೈಮೇಲೆ ಬೀಳುವುದೂ ಉಂಟು. ಚುರುಕಾದ ಕುಳ್ಳ ಆಟಗಾರರ ಜಾಗ ಎಂದೇ ಹೆಸರಾಗಿದ್ದ ಅಲ್ಲಿ ಆರಡಿ ನಾಲ್ಕಿಂಚಿನ ರಿಪ್ಕೆನ್ ನಿಂತರು. ವೃತ್ತಿಜೀವನದ 431 ಹೋಮ್‌ರನ್‌ಗಳಲ್ಲಿ 345 ಬಂದದ್ದು ಶಾರ್ಟ್‌ಸ್ಟಾಪ್ ಆಗಿದ್ದಾಗಲೇ.

ಬರೀ ಹಾಜರಿ ಅಲ್ಲ

ಹಿಂದಿನ ದಾಖಲೆ ನ್ಯೂಯಾರ್ಕ್ ಯಾಂಕೀಸ್‌ನ ಲೂ ಗೆಹ್ರಿಗ್ ಅವರದು: 2,130 ಪಂದ್ಯ. 1939ರಲ್ಲಿ ನರರೋಗವೊಂದು ಅವರ ಆಟ ನಿಲ್ಲಿಸಿತು. ಎಎಲ್‌ಎಸ್ ಎಂಬ ಆ ಕಾಯಿಲೆಯನ್ನು ಅಮೆರಿಕದಲ್ಲಿ ಇಂದಿಗೂ ಗೆಹ್ರಿಗ್ ಹೆಸರಿನಿಂದ ಕರೆಯುತ್ತಾರೆ. 1934ರಲ್ಲೊಮ್ಮೆ ಬೆನ್ನುನೋವಿನ ನಡುವೆ ಗೆಹ್ರಿಗ್ ಒಂದೇ ಸಲ ಬ್ಯಾಟ್ ಬೀಸಿ ಹೊರನಡೆದಿದ್ದರು. ನಿಯಮದ ಪ್ರಕಾರ ಅಷ್ಟಾದರೂ ಪಂದ್ಯ ಲೆಕ್ಕಕ್ಕೆ ಸೇರುತ್ತದೆ.

ರಿಪ್ಕೆನ್ ಮಾತ್ರ ಒಂದು ಹಂತದಲ್ಲಿ ಸತತ 8,243 ಇನಿಂಗ್ಸ್ ಆಡಿದರು. ಅಂದರೆ ಐದು ವರ್ಷಕ್ಕೂ ಹೆಚ್ಚು ಕಾಲ, ಒಂದು ನಿಮಿಷವೂ ಬೆಂಚ್ ಮೇಲೆ ಕೂರದೆ! 1987ರಲ್ಲಿ ಟೊರಾಂಟೊ ವಿರುದ್ಧ ತಂಡ 18-3ರಿಂದ ಸೋತ ಪಂದ್ಯದಲ್ಲಿ ಅವರನ್ನು ಹೊರಗೆ ಕರೆದದ್ದು ಮ್ಯಾನೇಜರ್. ಆ ಮ್ಯಾನೇಜರ್ ಅವರ ತಂದೆಯೇ, ಕ್ಯಾಲ್ ರಿಪ್ಕೆನ್ ಸೀನಿಯರ್.

ಟೀಕೆಯೂ ಇತ್ತು. ಬ್ಯಾಟಿಂಗ್ ಸೊರಗಿದಾಗಲೆಲ್ಲ 'ದಾಖಲೆಗಾಗಿ ಆಡುತ್ತಿದ್ದಾರೆ, ವಿಶ್ರಾಂತಿ ಕೊಡಿ' ಎಂಬ ಮಾತು ಏಳುತ್ತಿತ್ತು. 1990ರಲ್ಲಿ ಸರಾಸರಿ 0.250ಕ್ಕೆ ಇಳಿಯಿತು. ಮರುವರ್ಷ, ಆಗಲೂ ಒಂದು ದಿನ ರಜೆಯಿಲ್ಲದೆ, 0.323 ಸರಾಸರಿ, 34 ಹೋಮ್‌ರನ್ ಮತ್ತು ಅಮೆರಿಕನ್ ಲೀಗ್‌ನ ಎಂವಿಪಿ ಪ್ರಶಸ್ತಿ. ಹಾಗೆಂದು ಟೀಕಾಕಾರರ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. 1999ರಲ್ಲಿ ಬೆನ್ನುನೋವಿನಿಂದ ಬರೀ 86 ಪಂದ್ಯ ಆಡಿದಾಗ, 38ರ ಹರೆಯದಲ್ಲಿ ಅವರ ಸರಾಸರಿ 0.340!

1995ರ ಆ ರಾತ್ರಿ

ಆಟಗಾರರ ಮುಷ್ಕರದಿಂದ 1994ರ ವರ್ಲ್ಡ್ ಸೀರೀಸ್ ರದ್ದಾಗಿತ್ತು. ಕೋಟ್ಯಧೀಶ ಆಟಗಾರರು ಮತ್ತು ಮಾಲೀಕರ ಹಣದ ಜಗಳಕ್ಕೆ ಅಭಿಮಾನಿಗಳು ಬೇಸತ್ತಿದ್ದರು. ಅಂಥ ಹೊತ್ತಿನಲ್ಲಿ, 1995ರ ಸೆಪ್ಟೆಂಬರ್ 6ರಂದು ರಿಪ್ಕೆನ್ 2,131ನೇ ಪಂದ್ಯಕ್ಕಿಳಿದರು. ಅಧ್ಯಕ್ಷ ಬಿಲ್ ಕ್ಲಿಂಟನ್ ಗ್ಯಾಲರಿಯಲ್ಲಿದ್ದರು. ಐದನೇ ಇನಿಂಗ್ಸ್ ನಡುವೆ ಪಂದ್ಯ ಅಧಿಕೃತವಾದಾಗ ಶುರುವಾದ ಚಪ್ಪಾಳೆ 22 ನಿಮಿಷ ನಿಲ್ಲಲಿಲ್ಲ. ಸಹ ಆಟಗಾರರು ತಳ್ಳಿದ ಮೇಲೆ ರಿಪ್ಕೆನ್ ಮೈದಾನ ಸುತ್ತಿ ಪ್ರೇಕ್ಷಕರ ಕೈ ಕುಲುಕಿದರು.

ಮರುವರ್ಷ ಅವರು ಜಪಾನ್‌ನ ಸಚಿಯೊ ಕಿನುಗಾಸ ಅವರ 2,215 ಪಂದ್ಯಗಳ ದಾಖಲೆಯನ್ನೂ ದಾಟಿದರು. ಅದನ್ನು ನೋಡಲು ಕಿನುಗಾಸ ಸ್ವತಃ ಅಮೆರಿಕಕ್ಕೆ ಬಂದಿದ್ದರು.

ಸರಣಿ ಮುಗಿದದ್ದು ಗಾಯದಿಂದಲ್ಲ. 1998ರ ಸೆಪ್ಟೆಂಬರ್ 20ರಂದು ಯಾಂಕೀಸ್ ವಿರುದ್ಧದ ಪಂದ್ಯಕ್ಕೆ ಮುನ್ನ ಮ್ಯಾನೇಜರ್ ಬಳಿ ಹೋಗಿ 'ಇವತ್ತು ಆಡುವುದಿಲ್ಲ' ಎಂದರು, ಅಷ್ಟೇ. ವಿಷಯ ತಿಳಿದ ಎದುರಾಳಿ ಆಟಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ವರ್ಷ ಅವರು ತಪ್ಪಿಸಿದ್ದು ಅದೊಂದೇ ಪಂದ್ಯ.

2001ರಲ್ಲಿ ನಿವೃತ್ತರಾದ ರಿಪ್ಕೆನ್ 2007ರಲ್ಲಿ ಶೇ 98.5ರಷ್ಟು ಮತ ಪಡೆದು ಹಾಲ್ ಆಫ್ ಫೇಮ್ ಸೇರಿದರು. ಈಗ ಕ್ಲಬ್‌ಗಳೇ ತಾರೆಯರಿಗೆ ಲೆಕ್ಕಹಾಕಿ ರಜೆ ಕೊಡುತ್ತವೆ. ರಿಪ್ಕೆನ್ ನಂತರ ಸಾವಿರ ಪಂದ್ಯ ದಾಟಿದ ಮಿಗೆಲ್ ತೆಹಾಡ ಅವರ ಸರಣಿ 2007ರಲ್ಲಿ 1,152ಕ್ಕೇ ನಿಂತಿತು.