ಪುಕ್ಕಟೆ ಸಿಕ್ಕ ಸಾಫ್ಟ್‌ವೇರ್‌ಗೆ ನಾಳೆ ಬೀಗ ಬೀಳಬಹುದಾ?

ಚಿತ್ರದುರ್ಗದಿಂದ ಮಾತಾಡ್ತಿದ್ದೀನಿ. ನೀವು ಹಿರಿಯೂರಿನ ಬಸ್ಸಲ್ಲೋ, ಹೊಳಲ್ಕೆರೆಯ ತೋಟದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರಬಹುದು. ಹೊಸದುರ್ಗದ ಬಿಸಿಎ ವಿದ್ಯಾರ್ಥಿಯೊಬ್ಬರು ಕಳಿಸಿದ ಪ್ರಶ್ನೆಯೇ ಇವತ್ತಿನ ವಿಷಯ. "ಓಪನ್ ಸೋರ್ಸ್ ಪ್ರಾಜೆಕ್ಟ್ ಒಂದಕ್ಕೆ ರಾತ್ರಿಯೆಲ್ಲ ಕೂತು ಕೋಡ್ ಬರೆದುಕೊಡ್ತೀನಿ. ನಾಳೆ ಕಂಪನಿಯವರು ಅದಕ್ಕೆ ಬೀಗ ಹಾಕಿದ್ರೆ ಏನ್ಮಾಡೋದು?"

ಕೆಲವು ಕಡೆ ಹಾಕಬಹುದು, ಕೆಲವು ಕಡೆ ಸಾಧ್ಯವೇ ಇಲ್ಲ. ಅದನ್ನು ತೀರ್ಮಾನ ಮಾಡೋದು ಲೈಸೆನ್ಸ್.

ಮೊದಲು ಒಂದು ಗೊಂದಲ ಬಿಡಿಸೋಣ. ಪುಕ್ಕಟೆ ಬೇರೆ, ಓಪನ್ ಸೋರ್ಸ್ ಬೇರೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು 'ಬರಹ' ತಂತ್ರಾಂಶ ಬಿಡುಗಡೆ ಮಾಡಿದರು. ಎಷ್ಟೋ ಜನ ಕಂಪ್ಯೂಟರ್‌ನಲ್ಲಿ ಕನ್ನಡ ಟೈಪ್ ಮಾಡೋದು ಕಲಿತಿದ್ದೇ ಅದರಲ್ಲಿ. ವರ್ಷಗಟ್ಟಲೆ ಉಚಿತವಾಗಿತ್ತು, ಮುಂದೆ ಹೊಸ ಆವೃತ್ತಿಗಳಿಗೆ ದುಡ್ಡು ಕೊಡಬೇಕಾಯ್ತು. ಅದರಲ್ಲಿ ತಪ್ಪೇನಿಲ್ಲ. ಅವರ ದುಡಿಮೆ, ಅವರ ಹಕ್ಕು. ಆದರೆ ಅದರ ಕೋಡ್ ತಗೊಂಡು ಇನ್ನೊಬ್ಬರು ಮುಂದುವರಿಸೋ ಹಕ್ಕು ಬಳಕೆದಾರರಿಗೆ ಇರಲಿಲ್ಲ.

ಈಗ 'ಅಲರ್' ನಿಘಂಟು ನೋಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. 2019ರಲ್ಲಿ ಅದು ಮುಕ್ತ ಡೇಟಾ ಲೈಸೆನ್ಸ್‌ನಡಿ ಆನ್‌ಲೈನ್‌ಗೆ ಬಂತು. ಯಾರು ಬೇಕಾದರೂ ಅದರಿಂದ ಆ್ಯಪ್ ಮಾಡಬಹುದು, ಮಾರಲೂಬಹುದು. ಆದರೆ ಮೂಲದ ಹೆಸರು ಹೇಳಬೇಕು. ಆ ಡೇಟಾವನ್ನು ತಿದ್ದಿ ಬೆಳೆಸಿ ಹೊರಗೆ ಬಿಟ್ಟರೆ ಅದನ್ನೂ ಅದೇ ಷರತ್ತಲ್ಲಿ ಕೊಡಬೇಕು.

ನಮ್ಮ ಕಡೆ ಶೇಂಗಾ ಬೆಳೆಯೋರಿಗೆ ಇದು ಬೀಜದ ಲೆಕ್ಕದಲ್ಲಿ ಬೇಗ ತಿಳಿಯುತ್ತೆ. ಒಬ್ಬರು ಬೀಜ ಕೊಟ್ಟು, "ಏನಾದ್ರೂ ಮಾಡ್ಕೊಳ್ಳಪ್ಪ" ಅಂತಾರೆ. ಎಂಐಟಿ, ಬಿಎಸ್‌ಡಿ, ಅಪಾಚೆ ಲೈಸೆನ್ಸ್‌ಗಳು ಹೆಚ್ಚುಕಮ್ಮಿ ಹೀಗೆ. ಇನ್ನೊಬ್ಬರು, "ನೀನು ಮುಂದೆ ಯಾರಿಗಾದ್ರೂ ಕೊಟ್ಟರೆ ಇದೇ ಷರತ್ತಲ್ಲಿ ಕೊಡು" ಅಂತಾರೆ. ಅದು ಜಿಪಿಎಲ್, ಎಜಿಪಿಎಲ್. ಎರಡರಲ್ಲೂ ಕೊಟ್ಟ ಬೀಜ ವಾಪಸ್ ಕೇಳೋ ಹಾಗಿಲ್ಲ. ಜಗಳ ಬರೋದು ಮುಂದಿನ ಬೆಳೆಯ ಬಗ್ಗೆ.

ರೆಡಿಸ್ ವಿಷಯದಲ್ಲಿ ಆಗಿದ್ದೇ ಇದು. ಆ್ಯಪ್‌ಗಳ ಹಿಂದೆ ಡೇಟಾವನ್ನು ಸರ್ರನೆ ತಂದುಕೊಡೋ ಸಾಫ್ಟ್‌ವೇರ್ ಅದು. 2009ರಿಂದ ಬಿಎಸ್‌ಡಿ ಲೈಸೆನ್ಸ್‌ನಲ್ಲಿತ್ತು. 2024ರ ಮಾರ್ಚ್‌ನಲ್ಲಿ ಕಂಪನಿ, ಹೊಸ ಆವೃತ್ತಿಗಳಿಗೆ ಬಿಗಿಯಾದ ಲೈಸೆನ್ಸ್ ಹಾಕ್ತೀವಿ ಅಂತು. ಕಾರಣ? ದೊಡ್ಡ ಕ್ಲೌಡ್ ಕಂಪನಿಗಳು ನಮ್ಮ ಸಾಫ್ಟ್‌ವೇರನ್ನೇ ಸೇವೆಯಾಗಿ ಮಾರಿ ದುಡ್ಡು ಮಾಡ್ತಿವೆ ಅನ್ನೋದು. ಈ ಮಾತನ್ನ ತಳ್ಳಿಹಾಕೋಕೆ ಆಗಲ್ಲ. ಆದರೆ ಅಮೆಜಾನ್, ಅಲಿಬಾಬಾದಂಥ ಕಡೆಯ ಎಂಜಿನಿಯರ್‌ಗಳೂ ಆ ಕೋಡ್‌ಗೆ ವರ್ಷಗಟ್ಟಲೆ ದುಡಿದಿದ್ದರು. ಕೆಲವೇ ದಿನಗಳಲ್ಲಿ ಹಳೇ ಕೋಡ್ ಇಟ್ಟುಕೊಂಡು ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ 'ವಾಲ್ಕೀ' ಶುರುವಾಯ್ತು. 2025ರ ಮೇನಲ್ಲಿ ರೆಡಿಸ್ ಕೂಡ ಎಜಿಪಿಎಲ್ ಆಯ್ಕೆ ಕೊಟ್ಟು ಮತ್ತೆ ಓಪನ್ ಸೋರ್ಸ್‌ಗೆ ಬಂತು.

ಇನ್ನೊಂದು ಬಾಗಿಲಿದೆ, ಹುಷಾರು. ಅದರ ಹೆಸರು ಸಿಎಲ್‌ಎ, ಅಂದ್ರೆ ಕೋಡ್ ಕೊಡೋ ಮೊದಲು ನೀವು ಒಪ್ಪಿಕೊಳ್ಳೋ ಕರಾರು. ಕೆಲವು ಕರಾರುಗಳಲ್ಲಿ, ನಿಮ್ಮ ಕೋಡನ್ನು ಬೇರೆ ಲೈಸೆನ್ಸ್‌ನಲ್ಲಿ ಕೊಡೋ ಅಧಿಕಾರ ಕಂಪನಿಗೆ ಹೋಗುತ್ತೆ. ಲಿನಕ್ಸ್ ಕರ್ನಲ್‌ನಲ್ಲಿ ಅಂಥದ್ದಿಲ್ಲ. ಸಾವಿರಾರು ಜನರ ಕೋಡ್, ಹಕ್ಕು ಅವರವರದ್ದೇ. ಹಾಗಾಗಿ ಯಾವ ಕಂಪನಿಯೂ ಒಂಟಿಯಾಗಿ ಅದರ ಜಿಪಿಎಲ್ ಬದಲಿಸೋಕಾಗಲ್ಲ.

ಹಾಗಂತ ಕಂಪನಿಗಳೆಲ್ಲ ಕೆಟ್ಟವು ಅಂತಲ್ಲ. ಬೆಂಗಳೂರಿನ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಇಂಥ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡೋ ನಿಧಿ ಘೋಷಿಸಿತು. ಬಳಸಿ ಲಾಭ ಮಾಡಿದವರು ಬರೆದವರಿಗೂ ದುಡ್ಡು ಮುಟ್ಟಿಸಿದರೆ, ಲೈಸೆನ್ಸ್ ಬದಲಿಸೋ ಒತ್ತಡವೇ ಕಮ್ಮಿಯಾಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಹೊಸದುರ್ಗದ ಗೆಳೆಯರೇ, ಕೋಡ್ ಕಳಿಸೋ ಮುಂಚೆ ಮೂರು ವಿಷಯ ನೋಡಿ. ಲೈಸೆನ್ಸ್ ಫೈಲ್‌ನಲ್ಲಿ ಏನಿದೆ? ಸಿಎಲ್‌ಎ ಇದೆಯಾ, ಇದ್ದರೆ ಯಾವ ಹಕ್ಕು ಕೇಳುತ್ತೆ? ಪ್ರಾಜೆಕ್ಟ್ ಒಂದೇ ಕಂಪನಿಯ ಕೈಯಲ್ಲಿದೆಯಾ, ಹಲವರ ಕೈಯಲ್ಲಿದೆಯಾ? ಇಷ್ಟು ಓದೋಕೆ ಹತ್ತು ನಿಮಿಷ ಸಾಕು. ಎಲ್ಲ ತಿಳಿದ ಮೇಲೂ ಬಿಎಸ್‌ಡಿ ಪ್ರಾಜೆಕ್ಟ್‌ಗೇ ಕೋಡ್ ಕೊಡ್ತೀನಿ ಅಂದ್ರೆ ಧಾರಾಳವಾಗಿ ಕೊಡಿ. ಏನು ಕೊಡ್ತಿದ್ದೀನಿ ಅನ್ನೋದು ಗೊತ್ತಿದ್ದು ಕೊಟ್ಟರೆ, ನಾಳೆ ಮೋಸ ಹೋದೆ ಅನ್ನಿಸಲ್ಲ.

ನಿಮ್ಮ ಪ್ರಶ್ನೆಗಳನ್ನೂ ಕಳಿಸಿ. ಮತ್ತೆ ಸಿಗೋಣ.