ಗೋದಂತಿಯೂ ರುದಂತಿಯೂ

ಅಮರಕೋಶದ ಭೂಮಿವರ್ಗದಲ್ಲಿ ಕ್ಷಾರಮೃತ್ತಿಕೆಗೆ ಊಷವೆಂದೂ ಅದುಳ್ಳ ನೆಲಕ್ಕೆ ಊಷರವೆಂದೂ ಹೆಸರು ಹೇಳಿದೆ. ಕನ್ನಡದ ಕರಲು, ಚೌಳು ಎಂಬುವು ಇದೇ ಅರ್ಥದವು. ಊಷರದಲ್ಲಿ ಸುರಿದ ಮಳೆ ವ್ಯರ್ಥವೆಂಬ ನ್ಯಾಯವು ಶಾಸ್ತ್ರಗ್ರಂಥಗಳಲ್ಲಿ ರೂಢವಾಗಿರುವುದರಿಂದ, ಇಂತಹ ನೆಲದಲ್ಲಿ ಏನೂ ಬೆಳೆಯದೆಂಬ ಭಾವನೆಯು ಸಾಹಿತ್ಯಾಭ್ಯಾಸಿಗಳಲ್ಲಿ ಬೇರೂರಿದೆ. ವಸ್ತುಸ್ಥಿತಿಯು ಹಾಗಿಲ್ಲ. ಬೇರೆ ಗಿಡಗಳಿಗೆ ವಿಷವಾದ ಮಣ್ಣೇ ಕೆಲವು ಸಸ್ಯಗಳಿಗೆ ತವರು. ಅವು ಬದುಕುವ ಬಗೆಯನ್ನು ಗೋದಂತಿ, ರುದಂತಿ ಎಂಬೆರಡು ಶಬ್ದಗಳ ಮೂಲಕ ಇಲ್ಲಿ ವಿಚಾರಿಸಬಹುದು. ಶಬ್ದಗಳ ಸಾಮ್ಯವು ಕಿವಿಗೆ ಮಾತ್ರ. ಮೊದಲನೆಯದರಲ್ಲಿರುವುದು ದಂತ, ಎರಡನೆಯದರಲ್ಲಿರುವುದು ರೋದನ.

ಇಂದಿನ ರಸವೈದ್ಯರು ಗೋದಂತಿಯೆಂದು ಬಳಸುವ ಖನಿಜವೇ ಜಿಪ್ಸಂ. ಹಸುವಿನ ಹಲ್ಲನ್ನು ಹೋಲುವುದರಿಂದ ಆ ಹೆಸರು. ಭಾರತದಲ್ಲಿ ಇದು ಬಹುಮಟ್ಟಿಗೆ ದೊರೆಯುವುದು ರಾಜಸ್ಥಾನದಲ್ಲಿ. ಕ್ಯಾಲ್ಸಿಯಂ ಮತ್ತು ಗಂಧಕದ ಈ ಲವಣದ ತೂಕದಲ್ಲಿ ಐದನೆಯ ಒಂದು ಪಾಲು ನೀರೇ ಆಗಿದೆ. ಆದರೆ ಅದು ಹರಳಿನಲ್ಲಿ ಬಂಧಿತವಾದ ನೀರು. ಜಿಪ್ಸಂ ಹೆಚ್ಚಾಗಿರುವ ಮರುನೆಲದಲ್ಲಿ ಮೇಲ್ಪದರವು ಗಟ್ಟಿಗಟ್ಟಿ ಮೊಳಕೆಯನ್ನು ತಡೆಯುವುದು. ಅತಿಯಾದ ಕ್ಯಾಲ್ಸಿಯಂ ಇತರ ಪೋಷಕಾಂಶಗಳು ಬೇರಿಗೆ ದಕ್ಕದಂತೆ ಮಾಡುವುದು. ಹಾಗಿದ್ದರೂ ಮೆಕ್ಸಿಕೋ ಮತ್ತು ಅಮೆರಿಕದ ಗಡಿಯ ಚಿಹುಆಹುಆ ಮರುಭೂಮಿಯಲ್ಲಿ ಈ ಮಣ್ಣನ್ನು ಬಿಟ್ಟು ಬೇರೆಲ್ಲಿಯೂ ಬೆಳೆಯದ ವಿರಳ ಸಸ್ಯಗಳುಂಟು. ಅಂತಹ ಅನೇಕ ಸಸ್ಯಗಳು ಹೆಚ್ಚಾದ ಕ್ಯಾಲ್ಸಿಯಂ ಗಂಧಕಗಳನ್ನು ಎಲೆಯಲ್ಲಿಯೇ ಸಂಗ್ರಹಿಸಿಕೊಂಡು ಸಹಿಸುವುವು. ಇದಕ್ಕಿಂತಲೂ ಆಶ್ಚರ್ಯಕರವಾದುದು ಸ್ಪೇನ್ ದೇಶದ ಹೀಲಿಯಾಂಥಿಮಮ್ ಸ್ಕ್ವಾಮೇಟಮ್ ಎಂಬ ಹಳದಿ ಹೂವಿನ ಕುರುಚಲು ಗಿಡ. ಹರಳಿನ ನೀರಿಗೂ ಮಣ್ಣಿನ ನೀರಿಗೂ ಪರಮಾಣುಗಳ ತೂಕದಲ್ಲಿರುವ ಸೂಕ್ಷ್ಮಭೇದವನ್ನು ಅಳೆದು, ಬೇಸಗೆಯಲ್ಲಿ ಈ ಗಿಡದೊಳಗಿನ ನೀರಿನಲ್ಲಿ ನೂರಕ್ಕೆ 70ರಿಂದ 90 ಪಾಲು ಜಿಪ್ಸಂ ಹರಳಿನಿಂದಲೇ ಬಂದುದೆಂದು 2014ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕಲ್ಲಿನಿಂದ ನೀರು ಹಿಂಡುವುದು ಇಲ್ಲಿ ಉತ್ಪ್ರೇಕ್ಷೆಯಲ್ಲ.

ದಾವಣಗೆರೆ ಹರಿಹರಗಳ ಸುತ್ತಣ ಸೀಮೆಯು ಮರುಭೂಮಿಯಲ್ಲ. ಅಲ್ಲಿ ಜಿಪ್ಸಂ ರೋಗವಲ್ಲ, ಔಷಧಿ. ಭದ್ರಾ ನಾಲೆಯ ನೀರು ಬಂದ ಮೇಲೆ ಈ ಸೀಮೆಯಲ್ಲಿ ಬತ್ತದ ಗದ್ದೆಗಳು ಹರಡಿದುವು. ಕಪ್ಪುನೆಲದಲ್ಲಿ ನೀರು ಬಸಿಯಲು ದಾರಿಯಿಲ್ಲದೆ ನಿಂತರೆ ಅಡಿಯ ಲವಣವು ಅದರೊಡನೆ ಮೇಲೇರಿ, ನೀರು ಆರಿದಾಗ ನೆಲದ ಮೇಲೆ ಉಳಿಯುವುದು. ಲವಣದಲ್ಲಿ ಸೋಡಿಯಂ ಮಿಕ್ಕಿದ್ದರೆ ಜೇಡಿಯ ಕಣಗಳು ಚೆದರಿ ಮಣ್ಣಿನ ರಂಧ್ರಗಳು ಮುಚ್ಚಿಹೋಗುವುವು. ಜಿಪ್ಸಂ ಹಾಕಿದಾಗ ಅದರ ಕ್ಯಾಲ್ಸಿಯಂ ಆ ಸ್ಥಾನವನ್ನು ಹಿಡಿಯುವುದು. ಬಿಡುಗಡೆಯಾದ ಸೋಡಿಯಂ ನೀರಿನಲ್ಲಿ ತೊಳೆದು ಹೋಗಬೇಕು. ಬಸಿಗಾಲುವೆಯಿಲ್ಲದ ಗದ್ದೆಗೆ ಜಿಪ್ಸಂ ಸುರಿದರೆ ರೈತನ ಹಣವು ಹೋಗುವುದೇ ಹೊರತು ಚೌಳು ಹೋಗದು. ಊಷರವೃಷ್ಟಿನ್ಯಾಯವು ಸಾರ್ಥಕವಾಗುವುದು ಇಂತಹ ಕಡೆಯಲ್ಲಿಯೇ.

ಇನ್ನು ರುದಂತಿ. ಸಸ್ಯಶಾಸ್ತ್ರಜ್ಞರು ಕ್ರೆಸ್ಸಾ ಕ್ರೆಟಿಕಾ ಎನ್ನುವ, ವಿಷ್ಣುಕ್ರಾಂತಿಯ ಕುಟುಂಬಕ್ಕೇ ಸೇರಿದ ಈ ಗಿಡ್ಡ ಸಸ್ಯವು ಭಾರತದ ಕರಾವಳಿಯ ಉಪ್ಪುಬಯಲುಗಳಲ್ಲಿಯೂ ಒಳನಾಡಿನ ಚೌಳು ನೆಲಗಳಲ್ಲಿಯೂ ಬೆಳೆಯುವುದು. ಸ್ಪೇನಿನ ಗಿಡವು ನೆಲದಿಂದ ನೀರನ್ನು ಕಿತ್ತುಕೊಂಡರೆ ಇದು ಒಳಬಂದ ಉಪ್ಪನ್ನು ಹೊರಹಾಕುವುದು. ಎಲೆಯ ಮೇಲಿನ ಸೂಕ್ಷ್ಮಗ್ರಂಥಿಗಳಿಂದ ಉಪ್ಪುನೀರು ಹನಿಯಾಗಿ ಒಸರುತ್ತದೆ. ಬಿಸಿಲೇರಿದಾಗ ನೀರು ಆರಿ ಎಲೆಯ ಮೇಲೆ ಉಪ್ಪಿನ ಕಣಗಳು ಉಳಿಯುತ್ತವೆ. ನರಹರಿಪಂಡಿತನ ರಾಜನಿಘಂಟು ಶಿಶಿರದಲ್ಲಿ ಜಲಬಿಂದುಗಳನ್ನು ಸ್ರವಿಸುವುದೇ ಈ ಹೆಸರಿಗೆ ಕಾರಣವೆಂದು ಹೇಳಿ, ಸ್ರವತ್ತೋಯಾ ಎಂಬ ಪರ್ಯಾಯವನ್ನೂ ಕೊಟ್ಟಿದೆ. ಗ್ರಂಥಿಯನ್ನು ತೋರಿಸುವ ಯಂತ್ರವಿಲ್ಲದ ಕಾಲದಲ್ಲಿ ಇಷ್ಟನ್ನು ಗಮನಿಸಿದ್ದು ಸಾಮಾನ್ಯವಲ್ಲ. ಕಣ್ಣೀರಿನ ಉಪ್ಪು ಇದಕ್ಕೂ ಉಂಟೆಂಬುದನ್ನು ಮಾತ್ರ ಆ ಹೆಸರು ವಾಚ್ಯವಾಗಿ ಹೇಳುವುದಿಲ್ಲ.

ಆದರೆ ಹೆಸರಿನಿಂದಲೇ ಮೋಸಹೋಗುವ ಸಂಭವವೂ ಇದೆ. ಪಶ್ಚಿಮಭಾರತದ ಮದ್ದಿನಂಗಡಿಗಳಲ್ಲಿ ರುದಂತಿಯೆಂದು ಮಾರುವ ಹಣ್ಣು ಕಪ್ಪಾರಿಸ್ ಮೂನಿಯೈ ಎಂಬ ಕಾಡುಬಳ್ಳಿಯದು. ಅದಕ್ಕೂ ಚೌಳಿಗೂ ಸಂಬಂಧವಿಲ್ಲ. ನಿಘಂಟುಕಾರನು ರುದಂತಿಯ ಎಲೆಯನ್ನು ಕಡಲೆಯ ಎಲೆಗೆ ಹೋಲಿಸಿರುವನು. ಈ ಲಕ್ಷಣವು ಕ್ರೆಸ್ಸಾಕ್ಕೆ ಒಪ್ಪುವುದು, ಆ ಬಳ್ಳಿಗೆ ಒಪ್ಪದು. ಕಪ್ಪುನೆಲದ ಒಕ್ಕಲಿಗರು ಚಳಿಗಾಲದ ರಾತ್ರಿ ಕಡಲೆಯ ಮೇಲೆ ಬಟ್ಟೆ ಹಾಸಿ, ಇಬ್ಬನಿಯೊಡನೆ ಇಳಿದ ಹುಳಿಯನ್ನು ಹಿಂಡಿಕೊಳ್ಳುವ ಪದ್ಧತಿಯುಂಟು. ಕಡಲೆಯ ಎಲೆ ಒಸರುವುದು ಉಪ್ಪಲ್ಲ, ಹುಳಿ. ಆದರೂ ಎರಡೂ ಶಿಶಿರದಲ್ಲಿ ಒಸರುವ ಎಲೆಗಳೇ.