ಗೋಕಾಕ ಫಾಲ್ಸಿನಲ್ಲಿ ನೋಡಬೇಕಾದುದು

ನಮ್ಮ ಸಮಾಜದ ಅನೇಕ ಮನೆತನಗಳ ಮಕ್ಕಳು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ತಂದೆ-ತಾಯಿಗಳು ಅಲ್ಲಿಗೆ ಹೋದಾಗ ಅವರನ್ನು ವಿಹಾರದ ಹಡಗಿನಲ್ಲಿ ಕೂಡ್ರಿಸಿ ಕೆರಿಬಿಯನ್ ದ್ವೀಪಗಳನ್ನು ತೋರಿಸಿಕೊಂಡು ಬರುವ ವಾಡಿಕೆಯೂ ಬೆಳೆದಿದೆ. ಹಡಗು ಒಂದೊಂದು ದ್ವೀಪದಲ್ಲಿ ಕೆಲವು ತಾಸು ನಿಲ್ಲುತ್ತದೆ. ಪ್ರವಾಸಿಗರು ಇಳಿದು, ಹಳೆಯ ಕಾಲದ ಕಬ್ಬಿನ ತೋಟಗಳ ಬಂಗಲೆಗಳನ್ನು ನೋಡಿ, ಚಿತ್ರ ತೆಗೆಸಿಕೊಂಡು ಮರಳುತ್ತಾರೆ. ಹಾಗೆ ನೋಡಿ ಬಂದ ಹಿರಿಯರು ಆ ಬಂಗಲೆಗಳ ಅಂದಚೆಂದವನ್ನು ಬಾಯ್ತುಂಬ ವರ್ಣಿಸುವುದನ್ನು ನಾವು ಕೇಳಿದ್ದೇವೆ. ವರ್ಣನೆ ಸುಳ್ಳಲ್ಲ. ಆದರೆ ಆ ಗೋಡೆಗಳ ಹಿಂದಿನ ಕಥೆಯನ್ನು ತಿಳಿದವರು ವಿರಳ. ಆ ಕಥೆಗೂ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಯ ನೆಲಕ್ಕೂ ನಂಟಿದೆಯೆಂಬುದನ್ನು ತಿಳಿದವರು ಇನ್ನೂ ವಿರಳ. ಆ ನಂಟನ್ನು ಓದುಗ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ಸಕ್ಕರೆಯ ಹಿಂದಿನ ಕಣ್ಣೀರು

ಆಂಟಿಗುವಾ ದ್ವೀಪದಲ್ಲಿ ಬೆಟ್ಟೀಸ್ ಹೋಪ್ ಎಂಬ ಹಳೆಯ ಕಬ್ಬಿನ ತೋಟವಿದೆ. 1674ರಿಂದ 1944ರವರೆಗೆ ಅದು ಕಾಡ್ರಿಂಗ್ಟನ್ ಎಂಬ ಒಂದೇ ಇಂಗ್ಲಿಷ್ ಮನೆತನದ ಒಡೆತನದಲ್ಲಿತ್ತು. ಕಬ್ಬು ಅರೆಯುತ್ತಿದ್ದ ಅಲ್ಲಿಯ ಗಾಳಿಗಿರಣಿಯನ್ನು ಈಗ ದುರಸ್ತಿಗೊಳಿಸಿ ಪ್ರವಾಸಿಗರಿಗೆ ತೋರಿಸುತ್ತಾರೆ. ಆ ಕಬ್ಬನ್ನು ನೆಟ್ಟವರು, ಕಡಿದವರು, ಅರೆದವರು, ಕುದಿಯುವ ಕೊಪ್ಪರಿಗೆಯ ಮುಂದೆ ಹಗಲಿರುಳು ನಿಂತವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಒಡೆಯನ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರುಗಳು ದನಕರುಗಳ ಜೊತೆಯಲ್ಲಿಯೇ ಬೆಲೆ ಕಟ್ಟಲ್ಪಟ್ಟು ಬರೆಯಲ್ಪಡುತ್ತಿದ್ದವು.

ಇಂಗ್ಲೆಂಡಿನ ಸಂಸತ್ತು 1833ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಕಾಯಿದೆ ಮಾಡಿತು. ಅದು 1834ರ ಆಗಸ್ಟ್ 1ರಂದು ಜಾರಿಗೆ ಬಂದರೂ ಬಹುತೇಕ ದ್ವೀಪಗಳಲ್ಲಿ ಪೂರ್ಣ ಬಿಡುಗಡೆಗೆ 1838ರವರೆಗೆ ಕಾಯಬೇಕಾಯಿತು. ಆಗ ಪರಿಹಾರವೆಂದು 2 ಕೋಟಿ ಪೌಂಡುಗಳನ್ನು ಗೊತ್ತುಪಡಿಸಲಾಯಿತು. ಆ ಹಣ ಸಂದದ್ದು ಒಡೆಯರಿಗೆ. ತಲೆಮಾರುಗಳ ಕಾಲ ದುಡಿದವರಿಗೆ ಒಂದು ಬಿಡಿಗಾಸೂ ಸಿಗಲಿಲ್ಲ.

ಗುಲಾಮರು ಹೋದ ಮೇಲೆ ತೋಟಗಳಿಗೆ ಬೇರೆ ಕೈಗಳು ಬೇಕಾದವು. ಅವು ನಮ್ಮ ದೇಶದಿಂದಲೇ ಹೋದವು. ಐದು ವರುಷದ ಕರಾರಿಗೆ ಹೆಬ್ಬೆಟ್ಟು ಒತ್ತಿದ ಬಡವರನ್ನು 1838ರಿಂದ 1917ರವರೆಗೆ ಹಡಗುಗಳಲ್ಲಿ ತುಂಬಿ ಸಾಗಿಸಲಾಯಿತು. ಗಯಾನಾ ಒಂದಕ್ಕೇ ಸುಮಾರು 2 ಲಕ್ಷ 39 ಸಾವಿರ, ಟ್ರಿನಿಡಾಡಿಗೆ ಸುಮಾರು 1 ಲಕ್ಷ 44 ಸಾವಿರ ಭಾರತೀಯರು ಹೋದರು. 'ಅಗ್ರಿಮೆಂಟ್' ಎಂಬ ಮಾತು ಆ ಬಡವರ ನಾಲಗೆಯಲ್ಲಿ 'ಗಿರ್ಮಿಟ್' ಆಯಿತು. ಗಿರ್ಮಿಟ್ ಎಂದರೆ ನಮಗೆ ನೆನಪಾಗುವುದು ಸಂಜೆಯ ಹೊತ್ತಿನ ಚುರುಮುರಿಯ ತಿನಿಸು. ಅವರಿಗೆ ಅದು ಐದು ವರುಷಗಳ ಬಂಧನದ ಹೆಸರು.

ಹತ್ತಿ ನಡೆದು ಬಂದ ದಾರಿ

ಸಕ್ಕರೆಯಂತೆಯೇ ಹತ್ತಿಯೂ ಗುಲಾಮರ ಬೆವರಿನಿಂದ ಬೆಳೆದ ಬೆಳೆ. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಅವರು ಬೆಳೆದ ಹತ್ತಿಯನ್ನೇ ಇಂಗ್ಲೆಂಡಿನ ಗಿರಣಿಗಳು ನಂಬಿಕೊಂಡಿದ್ದವು. ಒಂದೇ ದೇಶವನ್ನು ನೆಚ್ಚಿರುವುದು ಅಪಾಯವೆಂದು ತಿಳಿದ ಈಸ್ಟ್ ಇಂಡಿಯಾ ಕಂಪನಿಯು 1840ರ ಸುಮಾರಿಗೆ ಅಮೆರಿಕದ ತೋಟಗಾರರನ್ನೇ ಭಾರತಕ್ಕೆ ಕರೆಯಿಸಿತು. ಅವರ ಪ್ರಯೋಗಗಳು ಧಾರವಾಡದ ಕಪ್ಪು ಮಣ್ಣಿನಲ್ಲಿಯೂ ನಡೆದವು. ಅಲ್ಲಿಂದ ತಂದ ಬೀಜ ಈ ಮಣ್ಣಿಗೆ ಒಗ್ಗಿ 'ಧಾರವಾಡ-ಅಮೆರಿಕನ್' ಹತ್ತಿಯೆಂದು ಮಾರುಕಟ್ಟೆಯಲ್ಲಿ ಹೆಸರಾಯಿತು. ಗುಲಾಮರ ಹೊಲದ ಬೀಜವೇ ನಮ್ಮ ಒಕ್ಕಲಿಗನ ಕೂರಿಗೆಯಲ್ಲಿ ಇಳಿಯಿತು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಗುಲಾಮಗಿರಿಯ ಪ್ರಶ್ನೆಯಿಂದಾಗಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ತಲುಪುವುದು ನಿಂತಾಗ ನಮ್ಮ ಭಾಗದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಯುದ್ಧ ಮುಗಿದೊಡನೆ ಬೆಲೆಯೂ ಇಳಿಯಿತು. ಕಂಡರಿಯದ ದೇಶದ ಯುದ್ಧ ನಮ್ಮ ರೈತನನ್ನು ಏರಿಸಿತು, ಇಳಿಸಿತು. ಅಂದಿನಿಂದ ನಮ್ಮ ಹೊಲಗಳು ಜಗತ್ತಿನ ಪೇಟೆಗೆ ಕಟ್ಟುಬಿದ್ದವು.

ನೀರು, ನೂಲು, ದುಡಿಮೆ

ಈ ಹಿನ್ನೆಲೆಯಲ್ಲಿ ಗೋಕಾಕ ಫಾಲ್ಸನ್ನು ನೋಡಬೇಕು. ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಹುಕ್ಕೇರಿ ಸೀಮೆಯನ್ನು ಹಾಯ್ದು ಬರುವ ಘಟಪ್ರಭೆಯು ಇಲ್ಲಿ ಕುದುರೆಯ ಲಾಳದ ಆಕಾರದ ಬಂಡೆಯಂಚಿನಿಂದ ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತದೆ. ಮಳೆಗಾಲದಲ್ಲಿ ಕೆಂಪಗೆ ಉಕ್ಕಿ ಬರುವ ಆ ನೀರಿನ ಭೋರ್ಗರೆತ ದೂರದಿಂದಲೇ ಕೇಳುತ್ತದೆ. ಬಂಡೆಯ ಹಾಸಿನ ಮೇಲೆ ಸುಮಾರು 14 ಮೀಟರ್ ಎತ್ತರದಲ್ಲಿ, 201 ಮೀಟರ್ ಉದ್ದದ ತೂಗುಸೇತುವೆ ಇದೆ. ದಡದಲ್ಲಿ ಚಾಲುಕ್ಯರ ಕಾಲದ ಶೈಲಿಯ ಶಿವಾಲಯವಿದೆ. ರವಿವಾರದಂದು ಬುತ್ತಿ ಕಟ್ಟಿಕೊಂಡು ಬರುವ ಕುಟುಂಬಗಳು ಇವಿಷ್ಟನ್ನು ನೋಡಿ, ಕರದಂಟು ಕೊಂಡು ಮರಳುತ್ತವೆ.

ಆದರೆ ಜಲಪಾತದ ಮಗ್ಗುಲಲ್ಲಿಯೇ ಇರುವ ಕಲ್ಲಿನ ಗಿರಣಿಯನ್ನು ಕಣ್ಣಿಟ್ಟು ನೋಡುವವರು ಕಡಿಮೆ. 1885ರಲ್ಲಿ ಸ್ಥಾಪನೆಗೊಂಡ ಈ ನೂಲಿನ ಗಿರಣಿ 1887ರಲ್ಲಿ ಕೆಲಸ ಆರಂಭಿಸಿತು. ಇಲ್ಲಿ ಗಿರಣಿಯನ್ನು ಕಟ್ಟಲು ಕಾರಣ ನದಿಯ ಇಳಿತವೇ. ಮೇಲ್ಭಾಗದಲ್ಲಿ ಧೂಪದಾಳದ ಬಳಿ ನದಿಗೆ ಒಡ್ಡು ಕಟ್ಟಿ ನೀರು ನಿಲ್ಲಿಸಿದರು. ಆ ನೀರನ್ನು ಕೊಳವೆಗಳ ಮೂಲಕ ಕಡಿದಾದ ಕೊಳ್ಳಕ್ಕೆ ಇಳಿಸಿ, ಬುಡದಲ್ಲಿ ಕೂಡ್ರಿಸಿದ ಚಕ್ರಗಳನ್ನು ತಿರುಗಿಸಿ, ಅದರ ಬಲದಿಂದ ಗಿರಣಿಯನ್ನು ನಡೆಸಿದರು. ದೇಶದಲ್ಲಿಯೇ ಮೊದಲಿಗೆ 1887ರಲ್ಲಿ ಇಲ್ಲಿ ವಿದ್ಯುತ್ತು ಹುಟ್ಟಿತೆಂಬ ಮಾತು ನಾಡಿನಲ್ಲಿ ಪ್ರಸಿದ್ಧವಾಗಿದೆ. ಶಿವನಸಮುದ್ರದ ವಿದ್ಯುದಾಗಾರ ಆರಂಭವಾದುದು 1902ರಲ್ಲಿ ಎಂಬುದನ್ನು ನೆನೆದರೆ ಈ ಸ್ಥಳದ ಹಿರಿಮೆ ತಿಳಿದೀತು.

ಕೆರಿಬಿಯನ್ ತೋಟವನ್ನೂ ಗೋಕಾಕದ ಗಿರಣಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಇಲ್ಲಿ ಮನುಷ್ಯರನ್ನು ಮಾರಲಿಲ್ಲ, ಕೊಳ್ಳಲಿಲ್ಲ. ಮಳೆ ಕೈಕೊಟ್ಟ ವರುಷಗಳಲ್ಲಿ ಸುತ್ತಲಿನ ಹಳ್ಳಿಗಳ ಎಷ್ಟೋ ಒಲೆಗಳು ಗಿರಣಿಯ ಪಗಾರದಿಂದ ಉರಿದಿವೆ. ಮುಂದೆ ಕಾರ್ಮಿಕರಿಗೆ ವಸತಿ, ಮಕ್ಕಳಿಗೆ ಶಾಲೆ, ಆಸ್ಪತ್ರೆ ಬೆಳೆದವು. ಆದರೂ ಆ ಕಾಲದ ದುಡಿಮೆ ಎಂತಹದೆಂಬುದನ್ನು ಅಂದಿನ ಕಾನೂನೇ ಹೇಳುತ್ತದೆ. 1881ರ ಕಾರ್ಖಾನೆ ಕಾಯಿದೆಯು ಏಳು ವರುಷ ತುಂಬಿದ ಮಗುವನ್ನು ದಿನಕ್ಕೆ ಒಂಬತ್ತು ತಾಸು ದುಡಿಸಲು ಅವಕಾಶ ಕೊಟ್ಟಿತ್ತು. 1891ರ ತಿದ್ದುಪಡಿಯು ಆ ವಯಸ್ಸನ್ನು ಒಂಬತ್ತಕ್ಕೆ ಏರಿಸಿ, ಹೆಂಗಸರ ದುಡಿಮೆಯನ್ನು ಹನ್ನೊಂದು ತಾಸಿಗೆ ಮಿತಿಗೊಳಿಸಿತು. ಇದು ಅಂದು ಸುಧಾರಣೆಯೆನಿಸಿತ್ತು! ಹದಿನಾಲ್ಕು ತುಂಬದ ಮಕ್ಕಳನ್ನು ಕಾರ್ಖಾನೆಯೊಳಗೆ ಸೇರಿಸಬಾರದೆಂಬ ಕಾಯಿದೆ ಬಂದುದು ಸ್ವಾತಂತ್ರ್ಯಾನಂತರ, 1948ರಲ್ಲಿ.

ಗಿರಣಿಯನ್ನು ಕಟ್ಟಿದ ಕಂಪನಿಯ ಹೆಸರು ದಾಖಲೆಗಳಲ್ಲಿದೆ. ಕಲ್ಲು ಹೊತ್ತವರ, ನೂಲು ತೆಗೆದವರ ಹೆಸರು ಎಲ್ಲಿದೆ? ಹನ್ನೆರಡನೆಯ ಶತಮಾನದ ಕಲ್ಯಾಣದತ್ತ ಒಮ್ಮೆ ನೋಡಿರಿ. ಅಲ್ಲಿ ಕದಿರು ಹಿಡಿದು ನೂಲುತ್ತಿದ್ದ ರೆಮ್ಮವ್ವೆಯು ತನ್ನ ಕದಿರಿನ ಹೆಸರಿನಿಂದಲೇ ಅಮರಳಾದಳು. ಹುಲ್ಲಿನ ಹಗ್ಗ ಹೊಸೆಯುತ್ತಿದ್ದ ಚಂದಯ್ಯ 'ನುಲಿಯ ಚಂದಯ್ಯ'ನಾದ. ಅರಸರ, ಒಡೆಯರ ಹೆಸರುಗಳೇ ಹೆಚ್ಚಾಗಿ ಉಳಿದ ಕಾಲದಲ್ಲಿ ನಮ್ಮ ಶರಣರು ದುಡಿಯುವವನ ಹೆಸರನ್ನು ಅವನ ದುಡಿಮೆಯೊಡನೆ ಜೋಡಿಸಿ ಉಳಿಸಿದರು. ಗೋಕಾಕದಲ್ಲಿ ಶೂನ್ಯ ಸಂಪಾದನ ಮಠವೇ ಇದೆ. ಅದರ ಹೆಸರಿಗೆ ಮೂಲವಾದ ಗ್ರಂಥದಲ್ಲಿ ನುಲಿಯ ಚಂದಯ್ಯನ ಪ್ರಸಂಗವೂ ಇದೆ, ಆಯ್ದಕ್ಕಿ ಮಾರಯ್ಯನ ಪ್ರಸಂಗವೂ ಇದೆ. ನೂಲುವವಳನ್ನು ಶರಣೆಯೆಂದು ಪೂಜಿಸುವ ನಾವು ನೂಲಿನ ಗಿರಣಿಯಲ್ಲಿ ದುಡಿದ ನಮ್ಮ ಅಜ್ಜ-ಅಜ್ಜಿಯರ ಹೆಸರನ್ನು ಮರೆಯಬಹುದೇ?

ನಮ್ಮ ಬದುವಿನ ಮೇಲಿನ ಪ್ರಶ್ನೆ

ಇಷ್ಟಕ್ಕೇ ಬರಹ ಮುಗಿದರೆ ಅದು ಹಳೆಯ ಕಥೆಯಾಗಿ ಉಳಿದೀತು. ಕೆರಿಬಿಯನ್ ತೋಟದ ಕಬ್ಬು ಇಂದು ನಮ್ಮ ಹೊಲದಲ್ಲಿಯೇ ಇದೆ. 1977ರಲ್ಲಿ ಪೂರ್ಣಗೊಂಡ ಹಿಡಕಲ್ ಜಲಾಶಯದ ನೀರು ಕಾಲುವೆಗಳಿಗೆ ಹರಿದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಬ್ಬು ಹಬ್ಬಿತು. ಇಲ್ಲಿಯ ಹಿರಿಯರು ಒಡೆತನದ ವಿಷಯದಲ್ಲಿ ಬೇರೆಯ ದಾರಿ ಹಿಡಿದರೆಂಬುದು ಹೆಮ್ಮೆಯ ಸಂಗತಿ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆ, ಗೋಕಾಕದ ಘಟಪ್ರಭಾ ಸಹಕಾರಿ ಸಕ್ಕರೆ ಕಾರಖಾನೆಗಳು ಬೆಳೆಗಾರನನ್ನೇ ಪಾಲುದಾರನನ್ನಾಗಿ ಮಾಡಿದವು. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸದಸ್ಯರದೇ ಸಂಘವಾಗಿ ಹಳ್ಳಿಗಳಿಗೆ ಬೆಳಕು ಒಯ್ದಿತು. ಒಬ್ಬ ಒಡೆಯ, ಸಾವಿರ ಆಳು ಎಂಬುದು ತೋಟದ ನೀತಿ. ಸಾವಿರ ಒಡೆಯರು, ಎಲ್ಲರೂ ದುಡಿಯುವವರು ಎಂಬುದು ಸಹಕಾರದ ನೀತಿ.

ನ್ಯಾಯದ ಬೆಲೆಗಾಗಿ ಹೋರಾಡುವುದನ್ನೂ ನಮ್ಮ ರೈತರು ಬಲ್ಲರು. 2018ರಲ್ಲಿ ತಾಲೂಕಾಗಿ ರೂಪುಗೊಂಡ ಮೂಡಲಗಿಯ ಗುರ್ಲಾಪುರ ಕ್ರಾಸಿನಲ್ಲಿ 2025ರ ನವೆಂಬರದಲ್ಲಿ ಸಾವಿರಾರು ರೈತರು ಟನ್ನಿಗೆ 3,500 ರೂಪಾಯಿ ಬೇಕೆಂದು ಹಗಲಿರುಳು ಕುಳಿತುದನ್ನು ನಾಡೆಲ್ಲ ಕಂಡಿತು. ಸರಕಾರ 3,300 ರೂಪಾಯಿ ಎಂದು ಸಾರಿದ ಮೇಲೆ ಆ ಧರಣಿ ಮುಗಿಯಿತು. ಬೆವರಿಗೆ ತಕ್ಕ ಬೆಲೆ ಕೇಳುವುದು ಧರ್ಮವೇ ಸರಿ.

ಆದರೆ ಅದೇ ಕಬ್ಬನ್ನು ಕಡಿಯುವವರು ಯಾರು? ದಸರೆ-ದೀಪಾವಳಿ ಮುಗಿಯುತ್ತಿದ್ದಂತೆ ವಿಜಯಪುರದ ಕಡೆಯಿಂದ, ಮಹಾರಾಷ್ಟ್ರದ ಬೀಡ ಮೊದಲಾದ ಬರಡು ಸೀಮೆಯಿಂದ ಟೋಳಿಗಳು ಬರುತ್ತವೆ. ಮುಕದ್ದಮನಿಂದ ಮೊದಲೇ ಮುಂಗಡ ಪಡೆದು, ಅದು ತೀರುವವರೆಗೆ ಕಡಿಯುವುದು ಅವರ ಪಾಡು. ಗಂಡ-ಹೆಂಡಿರನ್ನು ಸೇರಿಸಿ ಒಂದೇ ಕೊಯ್ತಾ ಎಂದು ಎಣಿಸುವ ಪದ್ಧತಿಯಿದೆ. ಬೆಳಗಿನ ಜಾವದ ಚಳಿಯಲ್ಲಿ ಗರಿ ಸವರುತ್ತ ಆರಂಭವಾದ ಕೆಲಸ ಲಾರಿ ತುಂಬುವವರೆಗೆ ನಡೆಯುತ್ತದೆ. ವಾಸ ಹೊಲದಂಚಿನ ಗುಡಿಸಲು. ಹಸುಗೂಸು ಮರದ ಜೋಳಿಗೆಯಲ್ಲಿ. ಓದಬೇಕಾದ ಹುಡುಗಿ ತಮ್ಮನನ್ನು ಕಾಯುತ್ತ ಕುಳಿತಿರುತ್ತಾಳೆ. ಇದು ಗುಲಾಮಗಿರಿಯಲ್ಲ, ನಿಜ. ಆದರೆ ಮುಂಗಡಕ್ಕೆ ಕಟ್ಟುಬಿದ್ದು ಊರು ಬಿಟ್ಟು ಬರುವ ಈ ಬಾಳು ಗಿರ್ಮಿಟಿನ ನೆರಳಿನಿಂದ ಬಹಳ ದೂರವೂ ಇಲ್ಲ. ನಮ್ಮ ಬೆಳೆಗೆ ಬೆಲೆ ಕೇಳಿದ ನಾಲಗೆ ಅವರ ಕೂಲಿಯ ವಿಷಯದಲ್ಲಿ ಸುಮ್ಮನಿರಬಹುದೇ?

ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಸತಿ ಲಕ್ಕಮ್ಮ ಅದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ನಮಗೆ ಸಲ್ಲದುದು ನಮ್ಮ ಮನೆಯೊಳಗೆ ಬರಬಾರದೆಂಬುದು ಅವಳ ನಿಲುವು. ಕಾಯಕವೆಂದರೆ ನಾವು ದುಡಿಯುವುದು ಮಾತ್ರವಲ್ಲ. ಇನ್ನೊಬ್ಬನ ದುಡಿಮೆಯಲ್ಲಿ ನಮಗೆ ಸಲ್ಲದ ಪಾಲನ್ನು ಮುಟ್ಟದಿರುವುದೂ ಕಾಯಕವೇ.

ಆದುದರಿಂದ ನಮ್ಮ ಕುಟುಂಬಗಳಲ್ಲಿ ಕೆಲವು ಮಾತುಗಳನ್ನು ಬಿನ್ನವಿಸಿಕೊಳ್ಳುತ್ತೇವೆ. ಮಕ್ಕಳನ್ನು ಗೋಕಾಕ ಫಾಲ್ಸಿಗೆ ಕರೆದೊಯ್ದಾಗ ಜಲಪಾತದೊಡನೆ ಗಿರಣಿಯನ್ನೂ, ನೀರಿನ ದಾರಿಯನ್ನೂ ತೋರಿಸಿ ಅದರ ಕಥೆ ಹೇಳಿರಿ. ಮನೆಯಲ್ಲಿ ಗಿರಣಿಯಲ್ಲಿ ದುಡಿದ ಹಿರಿಯರಿದ್ದರೆ ಅವರ ಹೆಸರು, ಖಾತೆ, ದುಡಿದ ವರುಷ, ಅನುಭವಗಳನ್ನು ಒಂದು ವಹಿಯಲ್ಲಿ ಬರೆದಿಡಿರಿ. ಹಳೆಯ ಪಗಾರಚೀಟಿ, ಭಾವಚಿತ್ರಗಳಿದ್ದರೆ ಎಸೆಯಬೇಡಿರಿ. ಹೊಲಕ್ಕೆ ಕಬ್ಬು ಕಡಿಯಲು ಬಂದವರಿಗೆ ಶುದ್ಧ ನೀರು, ನೆರಳು, ಹೆಣ್ಣುಮಕ್ಕಳಿಗೆ ಮರೆಯ ವ್ಯವಸ್ಥೆಯನ್ನು ಮಾಡಿರಿ. ಆರರಿಂದ ಹದಿನಾಲ್ಕು ವರುಷದ ಯಾವ ಮಗುವೂ ತಾನಿರುವ ಊರಿನ ಶಾಲೆಗೆ ಸೇರಬಹುದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ಆ ಮಕ್ಕಳ ಕೈಹಿಡಿದು ನಿಮ್ಮೂರ ಶಾಲೆಯ ಮುಖ್ಯಾಧ್ಯಾಪಕರ ಬಳಿಗೆ ಒಯ್ಯಿರಿ. ಹಂಗಾಮಿನ ನಾಲ್ಕು ತಿಂಗಳು ಅಂತಹ ಮಕ್ಕಳಿಗೆ ಅನ್ನ-ಅಕ್ಷರಗಳ ದಾಸೋಹವನ್ನು ನಮ್ಮ ಮಠಗಳ ಪ್ರಸಾದ ನಿಲಯಗಳು ವಹಿಸಿಕೊಂಡರೆ ಅದಕ್ಕಿಂತ ಮಿಗಿಲಾದ ಬಸವ ಜಯಂತಿ ಇನ್ನೊಂದಿಲ್ಲ.

ದೂರದ ದ್ವೀಪದ ಬಂಗಲೆಯನ್ನು ನೋಡಿದವರು ಅಲ್ಲಿ ದುಡಿದವರಿಗಾಗಿ ಮರುಗುವುದು ಸಹಜ. ಆದರೆ ಅವರಿಗೆ ನಾವಿಂದು ಏನನ್ನೂ ಕೊಡಲಾರೆವು. ನಮ್ಮ ಬದುವಿನ ಮೇಲೆ ನಿಂತವರಿಗೆ ಕೊಡಬಲ್ಲೆವು. ಮುಂದೊಂದು ಕಾಲಕ್ಕೆ ಯಾರೋ ಪ್ರವಾಸಿಗರು ನಮ್ಮ ಕಬ್ಬಿನ ಸೀಮೆಯನ್ನು ನೋಡಲು ಬಂದು, ಇಲ್ಲಿ ದುಡಿದವರು ಹೇಗೆ ಬಾಳಿದರೆಂದು ಕೇಳಿದರೆ, ನಮ್ಮ ಮೊಮ್ಮಕ್ಕಳು ತಲೆಯೆತ್ತಿ ಉತ್ತರಿಸುವಂತಾಗಲಿ.